ಅಡ್ಡಗೆರೆಯ ಹಕ್ಕಿ

ನಾನು ಹುಟ್ಟಾ ಶಾಕಾಹಾರಿ. ನಮ್ಮ ಮನೆಯಲ್ಲಿ ಕೋಳಿಯ ಹೆಸರನ್ನೂ ದನಿ ತಗ್ಗಿಸಿ ಹೇಳುತ್ತಿದ್ದರು. ಅಂಥವನು ಒಂದು ಚಳಿಗಾಲದ ಬೆಳಿಗ್ಗೆ, ಬುತ್ತಿ ಕಟ್ಟುವ ಬಟ್ಟೆಯಲ್ಲಿ ಸತ್ತ ಹಕ್ಕಿಯೊಂದನ್ನು ಕಟ್ಟಿಕೊಂಡು, ಚಿತ್ತಾಪುರದಲ್ಲಿ ರೈಲು ಹತ್ತಿ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋದೆ ಎಂದರೆ ನೀವು ನಂಬಲಿಕ್ಕಿಲ್ಲ. ವಾಡಿ ಸ್ಟೇಷನ್ನಿನಲ್ಲಿ ಸಿಕ್ಕ ಪರಿಚಯದ ವ್ಯಾಪಾರಿಯೊಬ್ಬರು, "ಏನ್ ತಂದೀರಿ ಮಾಸ್ತರೆ, ಬುತ್ತ್ಯಾಗ?" ಎಂದು ಕೇಳಿದರು. "ಬದನೆಕಾಯಿ ಪಲ್ಯ" ಎಂದೆ. ಆ ಹಕ್ಕಿಯ ಸಲುವಾಗಿ ನಾನು ಹೇಳಿದ ಮೊದಲನೆಯ ಸುಳ್ಳು ಅದು.

ಅರವತ್ತರ ದಶಕದ ಮಾತು. ಚಿತ್ತಾಪುರದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮಾಸ್ತರ. ನಮ್ಮ ವಿಜ್ಞಾನದ ಕೋಣೆಯ ಕಪಾಟಿನಲ್ಲಿದ್ದದ್ದು ಸ್ಪಿರಿಟ್ಟು ಆರಿಹೋದ ಬಾಟಲಿಯೊಳಗಿನ ಒಂದು ಹಾವು ಮಾತ್ರ. ಇನ್ನೊಂದು ತಿಂಗಳಿಗೆ ಇನ್‌ಸ್ಪೆಕ್ಟರರು ಶಾಲೆ ನೋಡಲು ಬರುವವರಿದ್ದರು. ಅಷ್ಟರಲ್ಲಿ ಐನಾಪುರದ ಬೇಟೆಗಾರ ಮೆಹಬೂಬ, ಚಿಂಚೋಳಿ ಅಡವಿಯ ಹಳ್ಳದಲ್ಲಿ ಹೊಡೆದ ಹಕ್ಕಿಯೊಂದನ್ನು ತಂದುಕೊಟ್ಟ. ಮೈಯೆಲ್ಲ ಕೆಸರು ಮೆತ್ತಿತ್ತು, ಕೊಕ್ಕು ಬೆರಳುದ್ದ ಇತ್ತು. "ತಿನ್ನಾವ್ರಿಗೆ ದಿನಾ ಕೊಡ್ತೀನ್ರಿ, ಇದು ನೋಡಾವ್ರಿಗೆ ಇರ್ಲಿ" ಎಂದ.

ನನ್ನಲ್ಲಿ ಹಕ್ಕಿಗಳ ಹಳೆಯ ಪುಸ್ತಕವೊಂದಿತ್ತು. ಅದರಲ್ಲಿ ಉದ್ದ ಕೊಕ್ಕಿನ ಎರಡು ಹಕ್ಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ್ದರು. ಒಂದು, ಕೆರೆಯಂಚಿನ ಕೆಸರಿನಲ್ಲಿ ನಮ್ಮ ಕಡೆಯೂ ಕಾಣುವ ಉಲ್ಲಂಕಿ. ಇನ್ನೊಂದು ವುಡ್‌ಕಾಕ್. ಇದಕ್ಕೆ ನಮ್ಮಲ್ಲಿ ಹೆಸರಿಲ್ಲ, ಹೆಸರಿಡುವಷ್ಟು ಸಲ ಅದು ಇತ್ತ ಬಂದೇ ಇಲ್ಲ. ದೂರದ ಬೆಟ್ಟಗಳ ತಂಪು ಕಾಡಿನ ಹಕ್ಕಿ. ಬೇಟೆಗೆ ಬಂದ ದೊರೆಗಳಿಗೆ ಅದು ಸಿಕ್ಕಿತೆಂದರೆ ಆ ದಿನದ ಬೇಟೆ ಸಾರ್ಥಕ. ಉಲ್ಲಂಕಿಯ ನೆತ್ತಿಯ ಮೇಲೆ ಉದ್ದಗೆರೆ, ವುಡ್‌ಕಾಕಿನ ನೆತ್ತಿಯ ಮೇಲೆ ಅಡ್ಡಗೆರೆ. ನಾನು ಇದನ್ನು ನೆನಪಿಟ್ಟುಕೊಂಡದ್ದು ನನ್ನದೇ ರೀತಿಯಲ್ಲಿ: ಉಲ್ಲಂಕಿ ನಾಮ ಹಾಕಿಕೊಂಡ ಹಕ್ಕಿ, ವುಡ್‌ಕಾಕ್ ವಿಭೂತಿ ಹಚ್ಚಿಕೊಂಡ ಹಕ್ಕಿ. ಉಲ್ಲಂಕಿಯ ಹೊಟ್ಟೆ ಬಿಳುಪು, ಇದರದು ಕಂದು.

ಕೆಸರಿನಡಿ ನನಗೆ ಅಡ್ಡಗೆರೆ ಕಂಡಿತು. ಕಾಣಲೇಬೇಕೆಂದಿದ್ದವನಿಗೆ ಕಾಣದೆ ಇರುತ್ತದೆಯೆ? ಹೊಟ್ಟೆಯೂ ಕಂದಾಗಿಯೇ ಇತ್ತು. ಗಾತ್ರ ಮಾತ್ರ ಪುಸ್ತಕದಲ್ಲಿ ಹೇಳಿದ್ದರ ಅರ್ಧವೂ ಇರಲಿಲ್ಲ. ಇನ್ನೂ ಎಳೆಯದಿರಬೇಕು ಎಂದುಕೊಂಡೆ. ಅಂದೇ ಸಂಜೆ ಹೆಡ್‌ಮಾಸ್ತರರಿಗೆ, ಈ ಭಾಗದಲ್ಲಿ ಇದು ಮೊದಲನೆಯದು ಎಂದು ಹೇಳಿಬಿಟ್ಟೆ. ಅವರು ಇನ್‌ಸ್ಪೆಕ್ಟರರಿಗೆ ಕಾಗದವನ್ನೂ ಬರೆದರು.

ಶಹಾಬಾದಿನ ಕರೀಂಸಾಬರು ಹೊಟ್ಟೆಪಾಡಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ನಯ ಮಾಡುತ್ತಿದ್ದರು. ಸತ್ತ ಪ್ರಾಣಿ ಪಕ್ಷಿಗಳ ಚರ್ಮ ಬಿಡಿಸಿ, ಹದಮಾಡಿ, ಹತ್ತಿ ತುಂಬಿ ನಿಲ್ಲಿಸುವ ವಿದ್ಯೆ ಅವರ ತಂದೆಯಿಂದ ಬಂದದ್ದು. ತಂದೆ ನಿಜಾಮರ ಕಾಲದಲ್ಲಿ ಒಬ್ಬ ಜಾಗೀರದಾರರ ಬಳಿ ಇದೇ ಕೆಲಸಕ್ಕಿದ್ದವರು. ಸಾಬರು ಹಕ್ಕಿಯ ಕೊರಳು ನೋಡಿ ನಿಟ್ಟುಸಿರು ಬಿಟ್ಟರು. ಗುಂಡು ತಗಲಿ ಬಿದ್ದ ಹಕ್ಕಿಗೆ ಇನ್ನೂ ಜೀವವಿದ್ದರೆ ದೇವರ ಹೆಸರು ಹೇಳಿ ಕೊರಳು ಕೊಯ್ಯಬೇಕು, ಆಗಲೇ ಅದು ತಿನ್ನಲು ಯೋಗ್ಯ. ಮೆಹಬೂಬನೂ ಕೊಯ್ದಿದ್ದ. "ಕಪಾಟಿಗಿ ಹೋಗೋ ಹಕ್ಕಿಗಿ ಇದು ಬೇಕಾಗಿದ್ದಿಲ್ರಿ. ಆದ್ರ ಕೈಗಿ ರೂಢಿ ಆಗ್ಯದ, ಏನ್ ಮಾಡ್ತಾನ?" ಎಂದರು ಸಾಬರು. ನಮ್ಮ ಸೀಮೆಯಲ್ಲಿ ಅವರು ನಿಲ್ಲಿಸಿದ ಬಹುತೇಕ ಹಕ್ಕಿಗಳ ಕೊರಳಲ್ಲಿ ಸಣ್ಣದೊಂದು ಹೊಲಿಗೆ ಇದೆ. ತೋರಿಸಿದರೆ ಮಾತ್ರ ಕಾಣುತ್ತದೆ.

ಆಮೇಲೆ ಅವರು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಕೆಸರು ಒರೆಸತೊಡಗಿದರು. ಕೆಸರಿನ ಜೊತೆ ನನ್ನ ಅಡ್ಡಗೆರೆಯೂ ಹೋಯಿತು. ನೆತ್ತಿಯ ಮೇಲೆ ಉದ್ದಗೆರೆ ಎದ್ದು ಬಂತು, ಹೊಟ್ಟೆ ಬೆಳ್ಳಗಾಯಿತು. ಸಾಬರು ಒಳಗಿನಿಂದ ತಾವು ಹಿಂದೆ ನಿಲ್ಲಿಸಿದ್ದ ಉಲ್ಲಂಕಿಯೊಂದನ್ನು ತಂದು ಪಕ್ಕದಲ್ಲಿಟ್ಟರು. "ನೋಡ್ರಿ ಮಾಸ್ತರೆ, ಅಣ್ಣ-ತಮ್ಮ ಇದ್ದಂಗ ಅವ."

ನನಗೆ ಹೆಡ್‌ಮಾಸ್ತರರ ಮುಖ ಕಣ್ಣ ಮುಂದೆ ಬಂತು. ಕಡು ಚಹಾ ಕುದಿಸಿ ಹೊಟ್ಟೆಗೆ ಬಣ್ಣ ಹಿಡಿಸಬಹುದಲ್ಲ, ನೆತ್ತಿಯ ಗರಿ ಕಿತ್ತು ಅಡ್ಡಡ್ಡ ಕೂಡಿಸಬಹುದಲ್ಲ ಎಂದು ಕೇಳಿದೆ. ವಿಜ್ಞಾನದ ಮಾಸ್ತರ ನಾನು, ಕೇಳಿದೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಸಾಬರು ಬೈಯಲಿಲ್ಲ. ತಮ್ಮ ತಂದೆಯ ಮಾತು ಹೇಳಿದರು. ಜಾಗೀರದಾರರು ಒಮ್ಮೆ ಚಿರತೆ ಹೊಡೆದು, ಅದು ಗೆಳೆಯರ ಚಿರತೆಗಿಂತ ಉದ್ದವಾಗಬೇಕೆಂದು ಹಟ ಹಿಡಿದರಂತೆ. ತಂದೆ ಹಸಿ ಚರ್ಮವನ್ನು ಎಳೆದು ಮೊಳೆ ಹೊಡೆದು ಒಂದು ಗೇಣು ಬೆಳೆಸಿದರಂತೆ. "ಇನಾಮು ಸಿಕ್ತು. ಆದ್ರ ಅವತ್ತಿನಿಂದ ಅಬ್ಬಾ ಏನು ಮಾಡಿ ಕೊಟ್ರೂ, ಮಂದಿ ಇದನ್ನ ಎಷ್ಟು ಎಳೆದಿ ಅಂತ ಕೇಳಾವ್ರೇ. ಅಬ್ಬಾ ಸಾಯೋತನಕ ಕೇಳಿದ್ರು" ಎಂದರು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ಹರಿದದ್ದು ಹೊಲೀತೀನ್ರಿ. ಇಲ್ಲದ್ದು ಹಚ್ಚಂಗಿಲ್ಲ."

ಮೂರು ವಾರಕ್ಕೆ ಹಕ್ಕಿ ಸಿದ್ಧವಾಯಿತು. ಬಳೆಗಾರರ ಅಂಗಡಿಯ ಕರಿಮಣಿಯ ಕಣ್ಣು, ಕಾಲಡಿ ಅಂಗೈಯಗಲದ ಫರಸಿ ಕಲ್ಲು. ಈಗ ಹಾರೀತು ಎನ್ನುವಂತಿತ್ತು. ನಾನು ಅದನ್ನು ನೆತ್ತಿ ಕಾಣದಂತೆ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟೆ, ಹೊಟ್ಟೆ ಮರೆಯಾಗುವಂತೆ ಮುಂದೆ ಒಂದಿಷ್ಟು ಒಣಹುಲ್ಲು ಸಿಗಿಸಿದೆ, ಚೀಟಿಯ ಮೇಲೆ ದುಂಡಗೆ ಬರೆದೆ: "ವುಡ್‌ಕಾಕ್. ಚಿಂಚೋಳಿ ಅಡವಿ." ಚೀಟಿ ಬರೆಯಲು ಸಾಬರ ಒಪ್ಪಿಗೆ ಬೇಕಿರಲಿಲ್ಲ ನೋಡಿ.

ಇನ್‌ಸ್ಪೆಕ್ಟರರು ಬರುವುದು ಸೋಮವಾರ. ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಕರೀಂಸಾಬರು ಒಗೆದ ಶೇರವಾನಿ ತೊಟ್ಟು ಬಂದು ನಿಂತರು. ಹಕ್ಕಿಯ ಒಂದು ಕಾಲಿನ ತಂತಿ ಸಡಿಲಿದ್ದದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತಂತೆ. ಅದನ್ನು ಸರಿಮಾಡಿದರು. ಹುಲ್ಲನ್ನು ಕಿತ್ತು ಪಕ್ಕಕ್ಕಿಟ್ಟರು. ಆಮೇಲೆ ಚೀಟಿಯ ಮೇಲೆ ಬೆರಳಿಟ್ಟು, "ಉರ್ದು ಬಿಟ್ರ ನನಗ ಓದ್ಲಿಕ್ಕಿ ಬರಂಗಿಲ್ರಿ. ಏನ್ ಬರ್ದೀರಿ, ಓದ್ರಿ" ಎಂದರು.

ನಾನು ಚೀಟಿ ನೋಡಿದೆ. ನೋಡುತ್ತಲೇ ಓದಿದೆ: "ಉಲ್ಲಂಕಿ. ಚಿಂಚೋಳಿ ಅಡವಿ."

ಅವರ ಮುಖ ಅರಳಿತು. "ಅಬ್ಬಾನ ಹೆಸರು ಯಾರೂ ಎಲ್ಲೂ ಬರೀಲಿಲ್ರಿ. ನಾನೂ ಯಾರಿಗೂ ಬರೀರಿ ಅಂದಿಲ್ಲ. ಇದ್ರ ಕೆಳಗ ಜಾಗ ಇದ್ರ ನನ್ನ ಹೆಸರು ಹಾಕ್ರಿ" ಎಂದು, ಉತ್ತರಕ್ಕೆ ಕಾಯದೆ ರೈಲಿನ ಹೊತ್ತಾಯಿತೆಂದು ಹೊರಟರು.

ಮುಂದೆ ಹೆಡ್‌ಮಾಸ್ತರರು ನನ್ನೊಡನೆ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಇನ್‌ಸ್ಪೆಕ್ಟರರಂತೂ ಕಪಾಟಿನ ಕಡೆ ತಿರುಗಿಯೂ ನೋಡದೆ ಚಹಾ ಕುಡಿದು ಹೋದರು. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ನನಗೆ ಅದೇನೂ ಗೊತ್ತಿರಲಿಲ್ಲ. ಖಾಲಿ ಶಾಲೆಯಲ್ಲಿ ಕುಳಿತು ಹೊಸ ಚೀಟಿಯೊಂದನ್ನು ಕತ್ತರಿಸಿಕೊಂಡೆ. ಮೇಲಿನ ಸಾಲಿಗೆ ಏನು ಬರೆಯಬೇಕೆಂದು ಬಹಳ ಹೊತ್ತು ಕೈ ಓಡಲಿಲ್ಲ. ಕೊನೆಗೆ ಮೇಲೆ ಜಾಗ ಬಿಟ್ಟು, ಕೆಳಗಿನ ಸಾಲಿನಲ್ಲಿ ಕರೀಂಸಾಬರ ಹೆಸರನ್ನು ಮೊದಲು ಬರೆದೆ. ಅದನ್ನು ಬರೆದ ಮೇಲೆ ಹಕ್ಕಿಯ ಹೆಸರು ಬರೆಯುವುದು ಕಷ್ಟವಾಗಲಿಲ್ಲ.