ಮುಖ ಕೊನೆಗೆ

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಒಂದು ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ಆಯಾ ಆಗಿ ಕೆಲಸ ಮಾಡಿದರು. ಹಾಸಿಗೆಯ ಬಟ್ಟೆ ಬದಲಾಯಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಟ್ಟು ತೆಗೆಯುವುದು, ಕೈ ಎತ್ತಲಾರದವರಿಗೆ ಚಮಚದಲ್ಲಿ ಹಾಲು ಕುಡಿಸುವುದು ಅವರ ಕೆಲಸ. ಯಾರಾದರೂ ತೀರಿಕೊಂಡರೆ ಕಣ್ಣು ಮುಚ್ಚಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಕೈಗಳನ್ನು ನೇರ ಮಾಡುವುದೂ ಅವರದೇ. ಅಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಡಿಯಾರದಮ್ಮ ಎನ್ನುತ್ತಿದ್ದರು.

ಆ ಹೆಸರು ಬಂದದ್ದು ಹೀಗೆ. ರೋಗಿಯ ಉಗುರು, ಮೂಗಿನ ತುದಿ, ತುಟಿ, ಈ ಮೂರನ್ನು ನೋಡಿದರೆ ದೊಡ್ಡಮ್ಮನಿಗೆ ಇನ್ನೆಷ್ಟು ಹೊತ್ತು ಎಂದು ಗೊತ್ತಾಗುತ್ತಿತ್ತು. ಯಾರೂ ಕಲಿಸಿದ್ದಲ್ಲ, ನೋಡಿ ನೋಡಿ ಬಂದದ್ದು. ಮೊದಮೊದಲು ನರ್ಸುಗಳು ನಗುತ್ತಿದ್ದರು. ಆಮೇಲಾಮೇಲೆ ಡಾಕ್ಟರುಗಳೂ ರೌಂಡ್ಸ್ ಮುಗಿಸಿ ಹೋಗುವಾಗ ಬಾಗಿಲ ಹತ್ತಿರ ನಿಂತು, "ಏಳನೇ ನಂಬರಿಗೆ ಏನಂತೀರಮ್ಮ?" ಎಂದು ಮೆಲ್ಲಗೆ ಕೇಳುವಂತಾಯಿತು. ದೊಡ್ಡಮ್ಮ "ಮನೆಯವರನ್ನ ಕರೆಸಿಬಿಡಿ ಸಾರ್" ಎಂದರೆ ಕರೆಸುತ್ತಿದ್ದರು. ಅದರಿಂದ ಎಷ್ಟೋ ಮಕ್ಕಳು ಅಪ್ಪನ ಕೈಯನ್ನೋ ಅಮ್ಮನ ಕೈಯನ್ನೋ ಹಿಡಿಯಲು ಸಮಯಕ್ಕೆ ಸರಿಯಾಗಿ ಬಂದಿದ್ದಾರೆ. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಹೆಸರು ಮಾತ್ರ ಉಳಿಯಿತು.

ಹೆಸರು ಮನೆಗೂ ಬಂತು. ನೆಂಟರಲ್ಲಿ ಯಾರಿಗಾದರೂ ಜ್ವರ ಬಂದರೆ, ದೊಡ್ಡಮ್ಮ ಬರುವುದು ಬೇಡ ಎಂದು ಸುತ್ತು ಬಳಸಿ ಹೇಳುತ್ತಿದ್ದರು. ಹೋದರೆ, ಮಲಗಿದ್ದವರು ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದರು. ನನ್ನ ಅಮ್ಮ ಅವರ ಸ್ವಂತ ತಂಗಿ. ಅವಳೇ ಕೆಮ್ಮು ಬಂದಾಗ ಅಕ್ಕನಿಗೆ ಬೆನ್ನು ತಿರುಗಿಸಿ ಮಾತಾಡಿದ್ದನ್ನು ನಾನು ನೋಡಿದ್ದೇನೆ. ದೊಡ್ಡಮ್ಮ ನೆಲ ನೋಡಿಕೊಂಡು ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡರು.

ದೊಡ್ಡಪ್ಪ ಮಾತ್ರ ಹೆದರುತ್ತಿರಲಿಲ್ಲ, ಹೆದರಿದಂತೆ ಆಟ ಆಡುತ್ತಿದ್ದರು. ಅವರು ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಹೃದಯ ದೊಡ್ಡದಾಗಿದೆ ಎಂದು ಡಾಕ್ಟರು ಹೇಳಿದಾಗ, "ಅದು ಊರಿಗೇ ಗೊತ್ತಿರೋ ವಿಷಯ ಅಲ್ವಾ ಸಾರ್" ಎಂದವರು. ಹೆಂಡತಿ ಕೋಣೆಗೆ ಬಂದರೆ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, "ನಾನು ಟೈಮ್ ಕೇಳಿಲ್ಲ ಕಣೇ, ಟೀ ಕೇಳಿದ್ದು" ಎನ್ನುತ್ತಿದ್ದರು. ದೊಡ್ಡಮ್ಮ ಆಗ ನಗುತ್ತಿದ್ದರು. ಅವರು ತಲೆ ಎತ್ತಿ ನೋಡುತ್ತಿದ್ದ ಮುಖ ಅದೊಂದೇ.

ದೊಡ್ಡಮ್ಮ ನಿವೃತ್ತರಾದ ವರ್ಷ ನಾನು ಶಾಲೆ ಬಿಟ್ಟು ಅವರ ಮನೆಯಲ್ಲಿದ್ದೆ. ಒಂದು ಕಾಲೇಜಿನವರು ಆನ್‌ಲೈನ್ ಕೋರ್ಸುಗಳ ಪಟ್ಟಿಯನ್ನು ಆಸ್ಪತ್ರೆಯ ನೌಕರರಿಗೆಲ್ಲ ಫೋನಿಗೆ ಕಳಿಸಿದ್ದರು. ಯಾವ ವಯಸ್ಸಿನವರೂ ಸೇರಬಹುದಿತ್ತು. ನಾನು ಒಂದೊಂದಾಗಿ ಓದುತ್ತಾ ಹೋದೆ. ದೊಡ್ಡಮ್ಮ ವೃದ್ಧರ ಆರೈಕೆ ಬೇಡ ಎಂದರು, ಪ್ರಥಮ ಚಿಕಿತ್ಸೆಯೂ ಬೇಡ ಎಂದರು. 'ಹತ್ತೊಂಬತ್ತನೆಯ ಶತಮಾನದ ಚಿತ್ರಕಲೆ' ಎಂಬುದರ ಪಕ್ಕದಲ್ಲಿ ಬೆರಳುಗುರಿನಷ್ಟು ಚಿಕ್ಕ ಚಿತ್ರವಿತ್ತು. ಕಿಟಕಿಯ ಬಳಿ ನಿಂತು ಕಾಗದ ಓದುತ್ತಿರುವ ಒಬ್ಬ ಹೆಂಗಸು. ದೊಡ್ಡಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, ಚಿತ್ರವನ್ನು ದೊಡ್ಡದು ಮಾಡಿಸಿಕೊಂಡು, ಬಹಳ ಹೊತ್ತು ನೋಡಿದರು.

"ಇದು ಎಷ್ಟು ವರ್ಷದ ಹಿಂದಿನದು?"

"ನೂರೈವತ್ತು ಇರಬಹುದು ದೊಡ್ಡಮ್ಮ."

"ಹಾಗಾದ್ರೆ ಇವಳು ಆಗ್ಲೇ ಹೋಗಿದ್ದಾಳೆ." ಫೋನನ್ನು ಇನ್ನೂ ಹತ್ತಿರ ಹಿಡಿದರು. "ಇದ್ರಲ್ಲಿರೋರೆಲ್ಲ ಹೋದವರೇ ಅಲ್ವಾ. ನಾನು ಎಷ್ಟು ನೋಡಿದ್ರೂ ಇವರಿಗೇನೂ ಆಗಲ್ಲ. ಇದಕ್ಕೇ ಸೇರಿಸು."

ದೊಡ್ಡಪ್ಪ ಕುರ್ಚಿಯಿಂದಲೇ, "ಅರವತ್ತಕ್ಕೆ ಅರಳುಮರಳು ಅಂತಾರೆ. ನಮ್ಮನೇಲಿ ಅರವತ್ತಕ್ಕೆ ಬಣ್ಣ, ಕುಂಚ" ಎಂದರು.

ಹನ್ನೆರಡು ವಾರದ ಕೋರ್ಸು. ಮಂಗಳವಾರ ಮತ್ತು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ತರಗತಿ. ಮೊದಲ ದಿನ ಪರದೆಯ ಮೇಲೆ ಮೇಷ್ಟ್ರು ಕಾಣಿಸಿಕೊಂಡ ಕೂಡಲೇ ದೊಡ್ಡಮ್ಮ ಎದ್ದು ನಿಂತರು. ಎಲ್ಲರಿಗೂ ಅವರ ಸೊಂಟ ಮಾತ್ರ ಕಂಡಿತು. "ಕೂತ್ಕೊಳ್ಳಿ ಅಮ್ಮ, ನಾನು ನಿಮಗಿಂತ ಚಿಕ್ಕವನು" ಎಂದರು ಮೇಷ್ಟ್ರು. ಮೂವತ್ತರ ಆಸುಪಾಸಿನ ಹುಡುಗ, ಹಿಂದಿನ ಗೋಡೆಗೆ ಒಂದು ಸೈಕಲ್ಲು ಒರಗಿಸಿತ್ತು.

ಚಿತ್ರ ನೋಡುವುದಕ್ಕೆ ಅವರು ಒಂದು ಕ್ರಮ ಹೇಳಿಕೊಟ್ಟರು. ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ನೋಡಬೇಕು. ಆಮೇಲೆ ಹತ್ತಿರದ ವಸ್ತು, ದೂರದ ವಸ್ತು. ಆಮೇಲೆ ಬಟ್ಟೆ. ಆಮೇಲೆ ಕೈ. ಮುಖ ಕೊನೆಗೆ. "ಮುಖ ನೋಡಿದ ತಕ್ಷಣ ನಮಗೆ ಕಥೆ ಗೊತ್ತಾಗೋಯ್ತು ಅನ್ಸುತ್ತೆ. ಆಮೇಲೆ ಉಳಿದದ್ದನ್ನ ನಾವು ನೋಡೋದೇ ಇಲ್ಲ" ಎಂದರು. ದೊಡ್ಡಮ್ಮ ಅದನ್ನು ನನ್ನಿಂದ ದೊಡ್ಡ ಅಕ್ಷರದಲ್ಲಿ ಬರೆಸಿ ಬೀರುವಿನ ಬಾಗಿಲಿಗೆ ಅಂಟಿಸಿದರು.

ಮೂರು ವಾರ ಅವರು ಎಷ್ಟು ಸಂತೋಷದಿಂದ ಇದ್ದರೆಂದರೆ, ಪಾತ್ರೆ ತೊಳೆಯುವಾಗಲೂ ನಲ್ಲಿಯ ಮೇಲೆ ಬೆಳಕು ಎಲ್ಲಿಂದ ಬಿದ್ದಿದೆ ಎಂದು ನನಗೆ ತೋರಿಸುತ್ತಿದ್ದರು.

ನಾಲ್ಕನೇ ವಾರ ಪಕ್ಕದ ಕಟ್ಟಡಕ್ಕೆ ಗಾರೆ ಕೆಲಸ ಶುರುವಾಯಿತು. ಧೂಳು ಹಾರದಿರಲೆಂದು ಕೆಲಸದವರು ಮೇಲಿನಿಂದ ಕೆಳಗಿನವರೆಗೆ ನೀಲಿ ಟಾರ್ಪಾಲು ಇಳಿಬಿಟ್ಟರು. ದೊಡ್ಡಪ್ಪ ಕೂರುತ್ತಿದ್ದ ಮುಂದಿನ ಕೋಣೆಯ ಕಿಟಕಿಗೆ ಅದು ಅಡ್ಡವಾಯಿತು. "ಬೀದಿ ನೋಡ್ಕೊಂಡು ಬದುಕಿದ್ದೆ. ಅದನ್ನೂ ಮುಚ್ಚಿದ್ರು" ಎಂದು ಗೊಣಗಿದರು. ಆದರೂ ಜಾಗ ಬಿಡಲಿಲ್ಲ.

ಆ ಗುರುವಾರ ಮಧ್ಯಾಹ್ನ ಅವರು ಅಲ್ಲೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಕೈಗಳು ತೊಡೆಯ ಮೇಲಿದ್ದವು. ದೊಡ್ಡಮ್ಮ ಟೀ ತಂದು ಅವರ ಮುಂದೆ ನಿಂತರು. ಸ್ಟೂಲಿನ ಮೇಲೆ ಲೋಟ ಇಟ್ಟು, ಎಬ್ಬಿಸದೆ, ಹಾಗೇ ಅಡುಗೆಮನೆಗೆ ವಾಪಸ್ಸು ಬಂದರು. ಗೋಡೆ ಹಿಡಿದುಕೊಂಡಿದ್ದರು.

"ಏನಾಯ್ತು ದೊಡ್ಡಮ್ಮ?"

"ಅವರ ಉಗುರು ನೋಡಿದೆ."

ಅವರೇ ಹೇಳಿದರು. "ಒಂದು ತಿಂಗಳು. ಹೆಚ್ಚು ಅಂದ್ರೆ ಎರಡು."

"ಡಾಕ್ಟರ ಹತ್ರ ಕರ್ಕೊಂಡು ಹೋಗೋಣ."

"ಹೋದ ವಾರ ತಾನೇ ಹೋಗಿ ಬಂದ್ವಿ. ಎಲ್ಲ ಹಾಗೇ ಇದೆ, ಏನೂ ಭಯ ಇಲ್ಲ ಅಂದ್ರು. ಏಳನೇ ನಂಬರಿಗೂ ಹಾಗೇ ಅಂದಿದ್ರು." ಆಮೇಲೆ, "ನಿಮ್ಮಮ್ಮನಿಗೆ ಹೇಳಬೇಡ. ಯಾರಿಗೂ ಹೇಳಬೇಡ" ಎಂದರು.

ಅಂದಿನಿಂದ ದೊಡ್ಡಮ್ಮ ಗಂಡನ ಕಡೆ ನೋಡುವುದನ್ನು ಬಿಟ್ಟರು. ಟೀ ಕೊಡುವಾಗ ಮುಖ ಆ ಕಡೆ. ಮಾತ್ರೆ ಕೊಡುವಾಗ ಕಣ್ಣು ನೀರಿನ ಲೋಟದ ಮೇಲೆ. ಕೋಣೆ ಗುಡಿಸುವಾಗ ಕುರ್ಚಿಯ ಕಾಲುಗಳವರೆಗೆ ಬಂದು ಪೊರಕೆ ತಿರುಗಿಬಿಡುತ್ತಿತ್ತು. ದೊಡ್ಡಪ್ಪನಿಗೆ ಅದು ಗೊತ್ತಾಗದೆ ಇರಲಿಲ್ಲ. ಮೊದಲು ಕೈ ಬೆನ್ನ ಹಿಂದೆ ಇಟ್ಟು ಹಳೆಯ ತಮಾಷೆ ಮಾಡಿದರು. ನಗು ಬರಲಿಲ್ಲ. ಆಮೇಲೆ ಕೈಗಳನ್ನು ಮುಚ್ಚಿಡುವುದನ್ನು ಬಿಟ್ಟು, ಅವರಿಗೆ ಕಾಣುವಂತೆ ಮಡಿಲಲ್ಲಿ ಉಗುರು ಮೇಲೆ ಮಾಡಿ ಇಟ್ಟುಕೊಂಡು ಕೂರಲು ಶುರುಮಾಡಿದರು. ದೊಡ್ಡಮ್ಮ ನೋಡಲಿಲ್ಲ.

ಒಂದು ದಿನ ದೊಡ್ಡಪ್ಪ ಕೇಳಿಯೇ ಬಿಟ್ಟರು. "ಏನಾದ್ರೂ ಇದ್ರೆ ಹೇಳಿಬಿಡೇ. ಮುಂದಿನ ಸ್ಟಾಪು ಯಾವುದು ಅಂತ ಕಂಡಕ್ಟರಿಗೆ ಗೊತ್ತಿರಬೇಕು."

"ಏನಿಲ್ಲ ರೀ."

"ಏನಿಲ್ಲ ಅನ್ನೋರು ಗೋಡೆಗೆ ಹೇಳ್ತಾರಾ?"

ದೊಡ್ಡಮ್ಮ ಗೋಡೆಯನ್ನೇ ನೋಡುತ್ತಾ ಲೋಟ ಎತ್ತಿಕೊಂಡು ಬಂದರು. ನನ್ನ ದೊಡ್ಡಪ್ಪ ಮಾತು ಕಡಿಮೆ ಮಾಡಿದ್ದು ಆ ದಿನದಿಂದ.

ಹನ್ನೊಂದನೇ ವಾರ ಕೊನೆಯ ಪ್ರಬಂಧ ಬರೆಯಬೇಕಿತ್ತು. ಮೇಷ್ಟ್ರು ಆರು ಚಿತ್ರ ಕೊಟ್ಟಿದ್ದರು. ಒಂದನ್ನು ಆರಿಸಿ ಬರೆದು, ಆಮೇಲೆ ಅವರೊಂದಿಗೆ ಪರದೆಯ ಮೇಲೆ ಅದರ ಬಗ್ಗೆ ಮಾತಾಡಬೇಕು. ದೊಡ್ಡಮ್ಮ ಆರಿಸಿದ್ದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿಂಬಿಗೆ ಒರಗಿದ ಒಬ್ಬ ಹುಡುಗಿಯ ಚಿತ್ರ. ಹನ್ನೊಂದು ಹನ್ನೆರಡು ವರ್ಷ ಇರಬಹುದು. ಕಣ್ಣು ಮುಚ್ಚಿದ್ದಾಳೆ, ಕೂದಲು ಸರಿದು ಒಂದು ಕಿವಿ ಕಾಣುತ್ತಿದೆ. ಮೊಣಕಾಲಿನ ಮೇಲೆ ಹೊದಿಕೆ, ಅದರ ಮೇಲೆ ಒಂದು ಕೈ. ಪಕ್ಕದ ಮೇಜಿನ ಮೇಲೆ ತಟ್ಟೆ, ಸುಲಿದ ಕಿತ್ತಳೆ. ಕಿಟಕಿಯ ಹೊರಗೆ ಹಿಮ.

ದೊಡ್ಡಮ್ಮ ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. "ಈ ಹುಡುಗಿ ನಿದ್ದೆ ಮಾಡುತ್ತಿಲ್ಲ. ಈ ಹುಡುಗಿ ಹೋಗಿದ್ದಾಳೆ. ಉಗುರು ನೀಲಿಯಾಗಿದೆ. ಮೂಗಿನ ತುದಿ ನೀಲಿಯಾಗಿದೆ. ತುಟಿಯ ಕೆಳಗೆ ನೀಲಿ ಇದೆ. ಚಿತ್ರ ಬರೆದವನಿಗೆ ಇದು ಗೊತ್ತಿತ್ತು. ಮನೆಯವರಿಗೆ ಹೇಳುವ ಧೈರ್ಯ ಅವನಿಗೆ ಇರಲಿಲ್ಲ." ಕೊನೆಯ ವಾಕ್ಯ ಹೇಳುವಾಗ ಅವರು ಮುಂದಿನ ಕೋಣೆಗೆ ಬೆನ್ನು ತಿರುಗಿಸಿದರು. ಬೀರುವಿನ ಮೇಲಿನ ಕ್ರಮದಲ್ಲಿ ಅವರು ಶುರುಮಾಡಿರಲಿಲ್ಲ, ಉಗುರಿನಿಂದ ಶುರುಮಾಡಿದ್ದರು. ನನಗೆ ಅದು ಕಂಡಿತು. ಆದರೂ ಹೇಳಿದ ಹಾಗೇ ಟೈಪ್ ಮಾಡಿದೆ.

ಮಾತಾಡುವ ದಿನ ಮೇಷ್ಟ್ರು ಪ್ರಬಂಧವನ್ನು ಹೊಗಳಲೂ ಇಲ್ಲ, ಬಯ್ಯಲೂ ಇಲ್ಲ. ಚಿತ್ರವನ್ನು ಪರದೆಯ ಮೇಲೆ ಹಾಕಿದರು.

"ಅಮ್ಮ, ಬೆಳಕು ಎಲ್ಲಿಂದ ಬರ್ತಿದೆ?"

"ಕಿಟಕಿಯಿಂದ."

"ಹೊರಗೆ ಏನಿದೆ?"

"ಹಿಮ."

"ಆ ತಟ್ಟೆಯ ನೆರಳು ಯಾವ ಬಣ್ಣ ಇದೆ?"

ದೊಡ್ಡಮ್ಮ ಮುಂದಕ್ಕೆ ಬಾಗಿದರು. "ನೀಲಿ."

"ದಿಂಬಿನ ಮಡಿಕೆ?"

"ಅದೂ ನೀಲಿ." ಆಮೇಲೆ ತಾವಾಗಿಯೇ, ನಿಧಾನವಾಗಿ, "ಕಿತ್ತಳೆ ಸಿಪ್ಪೆಯ ಕೆಳಗೂ ನೀಲಿ ಇದೆ ಮೇಷ್ಟ್ರೇ" ಎಂದರು.

"ಆ ಕಾಲದಲ್ಲಿ ಎಷ್ಟೋ ಜನ ಚಿತ್ರಕಾರರು ನೆರಳಿಗೆ ಕಪ್ಪು ಹಾಕೋದು ಬಿಟ್ಟು, ಕಣ್ಣಿಗೆ ಕಂಡ ಬಣ್ಣ ಹಾಕೋಕೆ ಶುರುಮಾಡಿದ್ರು. ಹಿಮದ ಮೇಲಿಂದ ಬಂದ ಬೆಳಕು ಕೋಣೇಲಿ ಎಲ್ಲದರ ಮೇಲೂ ಬಿದ್ದಿದೆ. ನೀಲಿ ಹುಡುಗೀದಲ್ಲ, ಕಿಟಕೀದು." ಅವರು ಇನ್ನೊಂದು ಚಿತ್ರ ಹಾಕಿದರು. "ಇದೂ ಅವನದೇ. ಹತ್ತೊಂಬತ್ತು ವರ್ಷ ಆದಮೇಲೆ ಬರೆದದ್ದು. ನೋಡಿ, ಏನೂ ಹೇಳೋಲ್ಲ ನಾನು."

ಮರದ ಕೆಳಗೆ ಒಬ್ಬ ಹೆಂಗಸು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ದೊಡ್ಡಮ್ಮ ಈ ಸಲ ಅವಸರ ಮಾಡಲಿಲ್ಲ. ಮರ, ಬೆಳಕು, ಬಟ್ಟೆ, ಕೈ ಎಲ್ಲ ನೋಡಿದರು. ಕೊನೆಗೆ ಮುಖ. "ಕಿವಿ ಅದೇ" ಎಂದರು. "ಮೇಲ್ಗಡೆ ಚೂಪು, ಕೆಳಗಡೆ ಅಂಟಿಕೊಂಡಿದೆ. ಅದೇ ಹುಡುಗಿ. ಹಾಗಾದ್ರೆ ಅವಳು ಎದ್ದಳಾ ಮೇಷ್ಟ್ರೇ?"

"ಎದ್ದಳು ಅಮ್ಮ. ಮೊದಲ ಚಿತ್ರದ ತಟ್ಟೇಲಿ ಕಿತ್ತಳೆ ಅರ್ಧ ಇದೆ ನೋಡಿ. ಉಳಿದರ್ಧ ಅವಳೇ ತಿಂದಿದ್ದಾಳೆ." ಆಮೇಲೆ ಮೇಷ್ಟ್ರು, "ಈ ಪ್ರಬಂಧಕ್ಕೆ ಪಾಸು ಕೊಡೋಕಾಗಲ್ಲ. ಒಂದು ವಾರ ಇದೆ, ಇನ್ನೊಂದು ಸಲ ಬರೀತೀರಾ?" ಎಂದರು.

ದೊಡ್ಡಮ್ಮ ಉತ್ತರ ಕೊಡುವ ಮೊದಲೇ ಎದ್ದುಬಿಟ್ಟಿದ್ದರು. "ಬರೀತಾರೆ ಸಾರ್" ಎಂದು ನಾನೇ ಹೇಳಬೇಕಾಯಿತು.

ಅವರು ಮುಂದಿನ ಕೋಣೆಗೆ ಹೋಗಿ ದೊಡ್ಡಪ್ಪನ ಕುರ್ಚಿಯ ಹಿಂದೆ ನಿಂತು, ತಮ್ಮ ಕೈಯನ್ನು ಕಿಟಕಿಗೆ ಒಡ್ಡಿ ಹಿಡಿದರು. ಟಾರ್ಪಾಲಿನಿಂದ ಸೋಸಿ ಬಂದ ಬೆಳಕು ಬೆರಳುಗಳ ಮೇಲೆ ಬಿತ್ತು. ಅವರ ಐದೂ ಉಗುರು ನೀಲಿಯಾಗಿದ್ದವು.

"ಇಲ್ಲಿ ಬಾ, ನಿನ್ನ ಕೈ ಕೊಡು" ಎಂದು ನನ್ನನ್ನು ಕರೆದರು. ನನ್ನದೂ ನೀಲಿ. ಅವರು ನನ್ನ ಕೈಯನ್ನು ಹಿಡಿದುಕೊಂಡೇ ನಿಂತರು. "ವಾರ್ಡಿನಲ್ಲಿ ಬಿಳೀ ಟ್ಯೂಬ್‌ಲೈಟು. ಅಲ್ಲಿ ತಪ್ಪಲಿಲ್ಲ. ಇಲ್ಲಿ ಎರಡನೇ ಸಲ ನೋಡೋಕೆ ನನಗೆ ಧೈರ್ಯ ಇರಲಿಲ್ಲ ಕಣೇ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರೆ. ನನಗೆ ಎರಡು ತಿಂಗಳಿಂದ ಲೋಕವೆಲ್ಲ ನೀಲಿ."

"ಏನು ನಡೀತಿದೆ ನನ್ನ ಬೆನ್ನ ಹಿಂದೆ?" ಎಂದರು ದೊಡ್ಡಪ್ಪ.

"ಏಳಿ ರೀ. ಹಿಂದಿನ ಬಾಗಿಲ ಹತ್ರ ಕೂರಿ."

"ಟಿಕೆಟ್ ಇಲ್ಲದವನನ್ನ ಎಬ್ಬಿಸಿದ ಹಾಗೆ ಎಬ್ಬಿಸ್ತೀಯಲ್ಲ."

ನಾನು ಕುರ್ಚಿ ಎತ್ತಿಕೊಂಡು ಹೋದೆ. ಹಿಂದಿನ ಬಾಗಿಲಿನಿಂದ ಬರುವುದು ಬರೀ ಬಿಸಿಲಿನ ಬೆಳಕು. ದೊಡ್ಡಪ್ಪ ಕುಳಿತರು. ದೊಡ್ಡಮ್ಮ ಎದುರಿಗೆ ಒಂದು ಸ್ಟೂಲು ಹಾಕಿಕೊಂಡು ಕುಳಿತು, ಮೊದಲು ಬಾಗಿಲನ್ನು ನೋಡಿದರು. ಆಮೇಲೆ ನೆಲದ ಮೇಲೆ ಬಿದ್ದ ಬೆಳಕನ್ನು. ಆಮೇಲೆ ಕುರ್ಚಿಯ ಕೈ, ಅದರ ಮೇಲೆ ಒಗೆದು ಒಗೆದು ತೆಳ್ಳಗಾದ ಷರ್ಟಿನ ತೋಳು. ಆಮೇಲೆ ಕೈಗಳು. ಅಲ್ಲಿ ಅವರ ಕಣ್ಣು ತುಂಬ ಹೊತ್ತು ನಿಂತಿತು. ದೊಡ್ಡಪ್ಪ ತಮಾಷೆ ಮಾಡಲಿಲ್ಲ, ಕೈಗಳನ್ನು ಹಿಂದಕ್ಕೂ ಎಳೆದುಕೊಳ್ಳಲಿಲ್ಲ. ಎರಡು ತಿಂಗಳ ನಂತರ ದೊಡ್ಡಮ್ಮ ಅವರ ಮುಖ ನೋಡಿದರು.

"ಎಷ್ಟು ಹೊತ್ತು ಅಂತೀಯ?" ಎಂದು ದೊಡ್ಡಪ್ಪ ಕೇಳಿದರು.

"ಗೊತ್ತಿಲ್ಲ ರೀ."

"ನಿನಗಾ? ಗೊತ್ತಿಲ್ಲವಾ?"

"ಗೊತ್ತಿಲ್ಲ. ಷರ್ಟಿನ ಗುಂಡಿಗಳನ್ನ ಒಂದು ತೂತು ತಪ್ಪಿಸಿ ಹಾಕಿದ್ದೀರಿ. ಅಷ್ಟು ಗೊತ್ತು." ಗುಂಡಿಗಳನ್ನು ಬಿಚ್ಚಿ, ಕೆಳಗಿನಿಂದ ಒಂದೊಂದಾಗಿ ಸರಿಯಾಗಿ ಹಾಕಿದರು.

ಎರಡನೇ ಪ್ರಬಂಧವನ್ನು ಅವರು ಬೆಳಕಿನಿಂದ ಶುರುಮಾಡಿ, ಕಿತ್ತಳೆಯ ಬಗ್ಗೆ ಒಂದು ಪುಟ ಬರೆಸಿದರು. ಪಾಸಾದರು. ಅಂಕ ಬಹಳ ಬರಲಿಲ್ಲ. ಪ್ರಮಾಣಪತ್ರವನ್ನು ದೊಡ್ಡಪ್ಪ ತಮ್ಮ ಕುರ್ಚಿಯ ಎದುರು ಮೊಳೆ ಹೊಡೆದು ತಾವೇ ತೂಗುಹಾಕಿದರು. ಗಾರೆ ಕೆಲಸ ಮುಗಿದು ಟಾರ್ಪಾಲು ಇಳಿದ ಮೇಲೂ ಕುರ್ಚಿ ಹಿಂದಿನ ಬಾಗಿಲ ಹತ್ತಿರವೇ ಉಳಿಯಿತು. ಬೀದಿ ಕಾಣುವುದಿಲ್ಲ ಎಂದು ಅವರು ಮತ್ತೆ ಗೊಣಗಲಿಲ್ಲ.

ಹದಿನಾಲ್ಕು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ದೊಡ್ಡಪ್ಪ ಅದೇ ಕುರ್ಚಿಯಲ್ಲಿ ಹೋದರು. ದೊಡ್ಡಮ್ಮ ಅಡುಗೆಮನೆಯಿಂದ ಎರಡು ಲೋಟ ಹಿಡಿದುಕೊಂಡು ಬಂದರು. ಒಂದನ್ನು ಅವರ ಪಕ್ಕದ ಸ್ಟೂಲಿನ ಮೇಲಿಟ್ಟು, "ಬಿಸಿ ಇದೆ, ನೋಡ್ಕೊಂಡು" ಎಂದರು. ಆಮೇಲೆ ತಲೆ ಎತ್ತಿ ನೋಡಿದರು.

ಗಲ್ಲಕ್ಕೆ ಬಟ್ಟೆ ಕಟ್ಟಿದ್ದು, ಕೈಗಳನ್ನು ನೇರ ಮಾಡಿದ್ದು ಅವರೇ. ಬೇರೆಯವರಿಗೆ ಬಿಡಲಿಲ್ಲ.

ಸಂಜೆ ಬಂದವರೆಲ್ಲ ಹೋದ ಮೇಲೆ ನನ್ನ ಅಮ್ಮ ಅಕ್ಕನ ಎದುರಿಗೆ ಕುಳಿತಳು. ಅವಳ ಕೈಗಳು ಮೊಣಕಾಲಿನ ಮೇಲೆ ಇದ್ದವು. ಮೆಲ್ಲಗೆ ಕೇಳಿದಳು, "ನಿನಗೆ ಮುಂಚೇನೇ ಗೊತ್ತಿತ್ತಾ ಅಕ್ಕ?"

"ಇಲ್ಲ ಕಣೇ" ಎಂದರು ದೊಡ್ಡಮ್ಮ. "ಟೀ ತಂದಿದ್ದೆ."