ಗೋಡೆಯ ಕೆಳಗಿದ್ದವನು

ಗಂಡ ಸತ್ತ ಮಾರನೆಯ ವರ್ಷ ಹುಲಿಗೆಮ್ಮ ಊರು ಬಿಟ್ಟು ಬಂದು ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ ನೀರು ಕೊಡುವ ಕೆಲಸಕ್ಕೆ ಸೇರಿದಳು. ರೈಲು ಬಂದು ನಿಂತರೆ ಬಿಂದಿಗೆ ಸೊಂಟಕ್ಕೇರಿಸಿ ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದಳು. ಹೊರಗೆ ಚಾಚಿದ ಕೈಗಳು, ಲೋಟಗಳು, ಕೂಜಾಗಳು ಮಾತ್ರ ಕಾಣುತ್ತಿದ್ದವು. ಮುಖ ನೋಡುವಷ್ಟು ಹೊತ್ತು ಯಾವ ರೈಲೂ ಅಲ್ಲಿ ನಿಲ್ಲುತ್ತಿರಲಿಲ್ಲ. ರೈಲು ಹೊರಟುಹೋದಮೇಲೆ ಹೊಂಗೆ ಮರದ ನೆರಳು ಅವಳೊಬ್ಬಳದೇ.

ಅವಳ ಜೊತೆ ನಾಲ್ಕು ಮಾತಾಡುತ್ತಿದ್ದವನೆಂದರೆ ಟಿಕೆಟ್ ಕೊಡುವ ಷಡಕ್ಷರಿ. ಕಡೂರಿನ ಹುಡುಗ, ಇನ್ನೂ ಮದುವೆಯಿಲ್ಲ. ಅವನಿಗೊಂದು ಹುಚ್ಚು. ಕಾಫಿ ತೋಟದ ಸಾಹುಕಾರರ ಮಕ್ಕಳು ಓದಿ ಬಿಸಾಡಿದ ಇಂಗ್ಲಿಷ್ ಚಿತ್ರಕತೆಯ ಪುಸ್ತಕಗಳು ಕಡೂರಿನ ರದ್ದಿ ಅಂಗಡಿಗೆ ಬರುತ್ತಿದ್ದವು. ಕಡಲೆಕಾಯಿ ಪೊಟ್ಟಣವಾಗುವ ಮುಂಚೆ ಅವನ್ನು ಕೊಂಡು ತರುತ್ತಿದ್ದ. ಅರವತ್ತೈದನೆಯ ಇಸವಿಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಂಥದೊಂದನ್ನು ಬೆಂಚಿನ ಮೇಲೆ ಹರಡಿಕೊಂಡು ಕೂತಿದ್ದ.

"ಇದೇನು ಸ್ವಾಮಿ, ಇವ್ರು ಆಕಾಶದಾಗೆ ಬಡಿದಾಡ್ತಾವ್ರೆ?" ಎಂದು ಹುಲಿಗೆಮ್ಮ ಬಗ್ಗಿ ನೋಡಿದಳು.

"ಬಲಶಾಲಿಗಳು ಕಣಮ್ಮ. ಎರಡು ಪಕ್ಷ ಆಗಿದಾರೆ. ಸರ್ಕಾರ ಹೇಳ್ದಂಗೆ ಕೇಳ್ಬೇಕು ಅನ್ನೋರು ಈ ಕಡೆ. ನಮ್ಮಿಷ್ಟ ನಮ್ಮದು ಅನ್ನೋರು ಆ ಕಡೆ."

"ಇದ್ರಾಗೆ ಕೆಟ್ಟೋರು ಯಾರು?"

"ಅದೇ ಮಜ. ಎರಡು ಕಡೆಯೋರೂ ಒಳ್ಳೇರೇ."

ಹುಲಿಗೆಮ್ಮನ ಕಣ್ಣು ಪುಟದ ಮೂಲೆಯ ಚಿಕ್ಕ ಚಿತ್ರವೊಂದರ ಮೇಲೆ ನಿಂತಿತು. ಒಬ್ಬ ಬಲಶಾಲಿ ಇನ್ನೊಬ್ಬನನ್ನು ಎತ್ತಿ ಕಟ್ಟಡಕ್ಕೆ ಅಪ್ಪಳಿಸಿದ್ದ. ಗೋಡೆ ಕಳಚಿ ಬೀಳುತ್ತಿತ್ತು. ಕೆಳಗೆ ಬೀದಿಯಲ್ಲಿ ಕೈಚೀಲ ಹಿಡಿದವನೊಬ್ಬ ತಲೆಯೆತ್ತಿ ನೋಡುತ್ತಿದ್ದ.

"ಇವ್ನು ಏನಾದ?"

ಷಡಕ್ಷರಿ ಪುಟ ತಿರುವಿದ, ಹಿಂದಕ್ಕೂ ತಿರುವಿದ. "ಅವನ ಸುದ್ದಿ ಬರೆದಿಲ್ಲಮ್ಮ."

ಅವಳು ಬಿಂದಿಗೆ ಎತ್ತಿಕೊಂಡು ಹೋದಳು. ಆ ಸಂಜೆ ಒಲೆಯ ಮುಂದೆ ಕೂತವಳಿಗೆ ಮುದ್ದೆ ತಿರುವಲು ಕೈ ಬರಲಿಲ್ಲ.

ಅವಳ ಗಂಡ ಚಿಕ್ಕಬೀರಪ್ಪ ಯಾರ ಪಕ್ಷದವನೂ ಆಗಿರಲಿಲ್ಲ. ಊರಿನಲ್ಲಿ ಆಗ ಪಂಚಾಯ್ತಿ ಕಟ್ಟಡ ಮೇಲಿನ ಬೀದಿಯಲ್ಲಿರಬೇಕೋ ಕೆಳಗಿನ ಬೀದಿಯಲ್ಲಿರಬೇಕೋ ಎಂದು ಎರಡು ಪಾರ್ಟಿ. ಮೇಲಿನ ಬೀದಿಗೆ ಬಸವರಾಜಪ್ಪ ಯಜಮಾನ, ಕೆಳಗಿನ ಬೀದಿಗೆ ಈರಭದ್ರಪ್ಪ. ಇಬ್ಬರೂ ಮರ್ಯಾದಸ್ಥರು, ಕಷ್ಟ ಎಂದು ಹೋದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಮೇಲಿನ ಬೀದಿಯವರು ಗೋಡೆ ಎಬ್ಬಿಸಿದರು. ಕೆಳಗಿನ ಬೀದಿಯವರು ಕೆಡವಲು ಬಂದರು. ಚಿಕ್ಕಬೀರಪ್ಪ ಮಿಲ್ಲಿನಿಂದ ರಾಗಿಹಿಟ್ಟು ಹೊತ್ತುಕೊಂಡು ಆ ದಾರಿಯಲ್ಲೇ ಬರುತ್ತಿದ್ದ. ಗೋಡೆ ಅವನ ಮೇಲೆ ಬಿತ್ತು.

ತರೀಕೆರೆಯ ಕೋರ್ಟಿಗೆ ಹೋದ ಕೇಸಿನಲ್ಲಿ ಮೊದಲು ಅವರು ಇವರ ಮೇಲೆ ಹೇಳಿದರು, ಇವರು ಅವರ ಮೇಲೆ ಹೇಳಿದರು. ಅಲೆದು ಅಲೆದು ಬೇಸತ್ತಮೇಲೆ ಇಬ್ಬರೂ ಸೇರಿ ಒಂದೇ ಮಾತು ಹೇಳಿದರು: ಗೋಡೆ ಮಳೆಗೆ ನೆನೆದು ತಾನಾಗಿಯೇ ಬಿತ್ತು. ಕೇಸು ಬಿದ್ದುಹೋಯಿತು.

ಅದಾದಮೇಲೆ ಷಡಕ್ಷರಿ ಹೊಸ ಪುಸ್ತಕ ತಂದಾಗಲೆಲ್ಲ ಹುಲಿಗೆಮ್ಮ ಬಂದು ಕೂರತೊಡಗಿದಳು. ಯಾರು ಗೆದ್ದರು, ಯಾರು ಸೋತರು ಎಂದು ಅವಳು ಕೇಳುತ್ತಿರಲಿಲ್ಲ. ಬೀದಿಯಲ್ಲಿದ್ದವರನ್ನು ಹುಡುಕುತ್ತಿದ್ದಳು. ಒಂದು ಪುಸ್ತಕದಲ್ಲಿ ಬಿದ್ದುಹೋಗಿದ್ದ ಪಟ್ಟಣವೆಲ್ಲ ಮೊದಲಿನಂತೆ ಎದ್ದು ನಿಂತಿತ್ತು. ಎರಡು ಪಕ್ಷದ ಮುಖಂಡರು ಕೈಕುಲುಕಿ ನಗುತ್ತಿದ್ದರು.

"ಗೋಡೆ ಕಟ್ಟಿದ್ರಾ? ಅಡಿಯಾಗೆ ಇದ್ದೋನ್ನ ತೆಗೆದ್ರಾ?"

"ಪ್ರತಿ ಸಲ ಒಬ್ಬೊಬ್ಬ ಬರೀತಾನಮ್ಮ. ಹಿಂದಿನೋನು ಕೆಡವಿದ್ದನ್ನ ಮುಂದಿನೋನು ಮರ್ತುಬಿಡ್ತಾನೆ." ಷಡಕ್ಷರಿ ನಕ್ಕ. "ಅದನ್ನೇ ಹಿಡ್ಕೊಂಡು ಕೂತ್ರೆ ಕತೆ ಮುಂದಕ್ಕೆ ಹೋಗೋದು ಹೆಂಗೆ?"

ಹುಲಿಗೆಮ್ಮ ನಗಲಿಲ್ಲ. "ಬರೆಯೋನು ಬದಲಾದ್ರೂ ಬಡಿದಾಡಿದ ಬಲಶಾಲಿಗಳು ಅವ್ರೇ ಅಲ್ವಾ ಸ್ವಾಮಿ. ಅವ್ರಿಗಾದ್ರೂ ಗ್ಯಾನ ಇರಬ್ಯಾಡ್ವಾ?" ಎಂದಳು. ಷಡಕ್ಷರಿ ಪುಸ್ತಕ ಮಡಚಿಟ್ಟ.

ಆ ವರ್ಷ ಸುಗ್ಗಿ ಕಳೆದಮೇಲೆ ಬಸವರಾಜಪ್ಪನವರೇ ಸ್ಟೇಷನ್ನಿಗೆ ಬಂದರು. ತಾಲ್ಲೂಕು ಬೋರ್ಡಿನ ಚುನಾವಣೆ ಹತ್ತಿರ ಬಂದಿತ್ತು.

"ಊರಲ್ಲಿ ರಾಜಿ ಆಗ್ತಿದೆ ಹುಲಿಗೆಮ್ಮ. ಎರಡು ಬೀದಿನೂ ಒಂದೇ ಪಂಕ್ತೀಲಿ ಕೂತು ಉಣ್ತೀವಿ. ನೀನೂ ಬಂದು ಎರಡು ತುತ್ತು ಉಂಡುಹೋದ್ರೆ ನಮಗೂ ಸಮಾಧಾನ."

ಅವಳು ಹೋದಳು. ಚಾವಡಿಯ ಮುಂದೆ ಚಪ್ಪರ ಹಾಕಿದ್ದರು. ಬಸವರಾಜಪ್ಪನೂ ಈರಭದ್ರಪ್ಪನೂ ಅಕ್ಕಪಕ್ಕ ಕೂತಿದ್ದರು. ಅವಳಿಗೆ ಕಂಬದ ಹತ್ತಿರ ಎಲ್ಲರಿಗೂ ಕಾಣುವಂತೆ ಎಲೆ ಹಾಕಿದರು. ಪಾಯಸ ಬಂತು. ಹುಲಿಗೆಮ್ಮ ಎಲೆಗೆ ಕೈ ಇಡಲಿಲ್ಲ.

"ಗೌಡ್ರೇ, ಒಂದು ಮಾತು. ಗೋಡೆ ತಳ್ಳಿದ್ದು ಯಾರು?"

ಬಡಿಸುತ್ತಿದ್ದವರ ಕೈ ನಿಂತಿತು. ಬಸವರಾಜಪ್ಪ ಮೆಲ್ಲನೆ ಹೇಳಿದರು: "ಮಳೇಲಿ ನೆಂದಿತ್ತಲ್ಲಮ್ಮ."

"ಅವತ್ತು ಮಳೆ ಇರ್ಲಿಲ್ಲ. ಅವನ ಮೈಮ್ಯಾಗಿನ ಹಿಟ್ಟನ್ನ ನಾನೇ ಕೊಡವಿದ್ದು. ಒಣಗಿತ್ತು."

"ಹೋದೋನು ಬರ್ತಾನಾ? ಹಳೇದೆಲ್ಲ ಕೆದಕಿದ್ರೆ ಊರು ಉದ್ಧಾರ ಆಗೋದು ಯಾವಾಗ?"

"ಅವ್ನು ಬರೋದು ಬ್ಯಾಡ. ರಾಜೀಲಿ ಅವನ ಹೆಸರು ಹೇಳಿ. ಹಿಂಗಾಯ್ತು, ನಮ್ಮಿಂದ ಆಯ್ತು ಅಂತ ಒಂದು ಮಾತು ಅನ್ನಿ. ನಾನು ಉಣ್ತೀನಿ."

ಬಸವರಾಜಪ್ಪ ಬಡಿಸುವವನಿಗೆ ಮುಂದಕ್ಕೆ ಹೋಗೆಂದು ಕೈಸನ್ನೆ ಮಾಡಿದರು. ಈರಭದ್ರಪ್ಪ ತಲೆ ತಗ್ಗಿಸಿಕೊಂಡು ಎಲೆಯ ಅಂಚನ್ನೇ ನೋಡುತ್ತಿದ್ದರು. ಹುಲಿಗೆಮ್ಮ ಎಲೆಯನ್ನು ಮಡಿಸಿಟ್ಟು ಎದ್ದಳು. ಹೊಲದ ದಾರಿಯಲ್ಲಿ ಅಜ್ಜಂಪುರದವರೆಗೂ ಒಬ್ಬಳೇ ನಡೆದಳು. ಹಿಂದಿನಿಂದ ಯಾರಾದರೂ ಕೂಗಿಯಾರೆಂದು ಅವಳ ಕಿವಿ ತೆರೆದೇ ಇತ್ತು. ಯಾರೂ ಕೂಗಲಿಲ್ಲ.

ಅಂದಿನಿಂದ ಊರಿನವರು ಸ್ಟೇಷನ್ನಿಗೆ ಬಂದರೂ ಅವಳನ್ನು ಕಾಣದವರಂತೆ ಹೋಗುತ್ತಿದ್ದರು. ಷಡಕ್ಷರಿಗೂ ತರೀಕೆರೆಗೆ ವರ್ಗವಾಯಿತು. ಹೊರಡುವಾಗ ಪುಸ್ತಕಗಳ ಕಟ್ಟನ್ನು ಅವಳಿಗೇ ಕೊಡಲು ಬಂದ. "ಬ್ಯಾಡ ಸ್ವಾಮಿ. ಕೇಳಿದ್ದಕ್ಕೆ ಮಾತಾಡೋರಿಲ್ದೆ ಅವನ್ನಿಟ್ಕೊಂಡು ಏನ್ ಮಾಡ್ಲಿ?" ಎಂದಳು. ಅವನ ಜಾಗಕ್ಕೆ ಬಂದವನು ಅವಳ ಹೆಸರನ್ನೂ ಕೇಳಲಿಲ್ಲ.

ಮುಂಗಾರು ಹಿಡಿಯುವ ಹೊತ್ತಿಗೆ ಸಂತೆಗೆ ಬಂದ ಹೆಂಗಸರಿಂದ ಸುದ್ದಿ ತಿಳಿಯಿತು. ಈರಭದ್ರಪ್ಪ ಚಾವಡಿಯಲ್ಲಿ ಎದ್ದು ನಿಂತು ಹೇಳಿಬಿಟ್ಟಿದ್ದರು: "ಈ ಕಡೆಯಿಂದ ನಾವು ತಳ್ಳಿದ್ವಿ. ಆ ಕಡೆ ತಡೆದು ನಿಂತಿದ್ದೋರು ಸರಕೊಂಡ್ರು. ಚಿಕ್ಕಬೀರಪ್ಪ ಬರೋದು ಗೋಡೇಲಿ ಬಾಗ್ಲಿಗೆ ಅಂತ ಬಿಟ್ಟಿದ್ದ ಕಂಡಿಯಿಂದ ನನಗೆ ಕಾಣ್ತಿತ್ತು. ಆದ್ರೂ ಕೈ ತೆಗೀಲಿಲ್ಲ." ರಾಜಿ ಅಲ್ಲಿಗೇ ಮುರಿಯಿತು. ಮೇಲಿನ ಬೀದಿಯವರು ನಮ್ಮನ್ನೂ ಎಳೆದನೆಂದು ಸಿಟ್ಟಾದರು, ಕೆಳಗಿನ ಬೀದಿಯವರು ಮಾನ ಕಳೆದನೆಂದರು. ಹೆತ್ತ ಮಗನೇ ಅಪ್ಪನ ಜೊತೆ ಮಾತು ಬಿಟ್ಟ.

ಕೇಳಿದಾಗ ಎದೆ ಹಗುರಾಗಬಹುದೆಂದು ಹುಲಿಗೆಮ್ಮ ಅಂದುಕೊಂಡಿದ್ದಳು. ಆಗಲಿಲ್ಲ. ಆ ಒಂದು ಪ್ರಶ್ನೆಯೇ ಇಷ್ಟು ವರ್ಷ ಅವಳ ಜೊತೆಗೆ ಮನೆಯಲ್ಲಿತ್ತು. ಈಗ ಅದೂ ಎದ್ದುಹೋಗಿ ಮನೆ ಇನ್ನಷ್ಟು ಖಾಲಿಯಾದಂತಾಯಿತು.

ಒಂದು ದಿನ ಈರಭದ್ರಪ್ಪ ಬಟ್ಟೆಯ ಗಂಟು ಹಿಡಿದು ಸ್ಟೇಷನ್ನಿಗೆ ಬಂದರು. ಕಡೂರಿನಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಬೆಂಚಿನ ತುದಿಯಲ್ಲಿ ಕೂತು, ಗಂಟನ್ನು ಪಕ್ಕಕ್ಕಿಟ್ಟು ಕೇಳಿದರು: "ನೀರು ಕೊಡ್ತೀಯೇನವ್ವಾ?"

ಅವಳು ಬಿಂದಿಗೆ ಬಾಗಿಸಿದಳು. ಅವರು ಬೊಗಸೆಯೊಡ್ಡಿ ಕುಡಿದರು.

"ಹೇಳ್ದೆ ಕಣವ್ವಾ, ಊರ ಮುಂದೆ."

"ಕೇಳ್ದೆ."

"ತಡ ಆಯ್ತು."

"ಹೂಂ, ತಡ ಆಯ್ತು ಗೌಡ್ರೇ." ಅವಳು ಬಿಂದಿಗೆ ಕೆಳಗಿಟ್ಟು, "ಊಟ ಆಗೈತಾ?" ಎಂದು ಕೇಳಿದಳು.

ಇಲ್ಲವೆಂದು ಅವರು ತಲೆಯಾಡಿಸಿದರು. ಅವಳು ತನ್ನ ಬುತ್ತಿಯ ರೊಟ್ಟಿಯನ್ನು ಮುರಿದು ಅರ್ಧ ಕೊಟ್ಟಳು. ಬೆಂಚಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ಅವಳು ತಿಂದರು. ರೈಲು ಬಂತು. ಕಿಟಕಿಗಳಿಂದ ಕೈಗಳು ಚಾಚಿದವು, ಹುಲಿಗೆಮ್ಮ ಎದ್ದು ಓಡಿದಳು. ಈರಭದ್ರಪ್ಪ ಯಾವ ಡಬ್ಬಿ ಹತ್ತಿದರೆಂಬುದನ್ನು ಅವಳು ನೋಡಲಿಲ್ಲ.