ಗೆರ್ಗಿನನ ಕೆಂಪು ದೀಪ

ನಮ್ಮೂರಿನ ಬಸ್ಸು ನಿಂತದ್ದು ರಸ್ತೆ ಕೆಟ್ಟು ಅಲ್ಲ, ಡೀಸೆಲ್ ಬೆಲೆ ಏರಿ. ಮೊಂಟಾನಾ ಪಟ್ಟಣದಿಂದ ಬೆಟ್ಟ ಹತ್ತಿ ಬಂದು ನಾಲ್ಕು ಮುದುಕಿಯರನ್ನು ಇಳಿಸಿ ಹೋಗುವುದು ಕಂಪನಿಗೆ ಗಿಟ್ಟಲಿಲ್ಲ. ಆ ಬಸ್ಸು ಓಡಿಸುತ್ತಿದ್ದ ಗೆರ್ಗಿನ್ ನನ್ನ ಪಕ್ಕದ ಮನೆಯವನು. ಕೆಲಸ ಹೋದ ಮೇಲೆ ಅವನೊಂದು ಹಳೆಯ ಓಪೆಲ್ ಕಾರು ಕೊಂಡ. ಅದರ ಡಿಕ್ಕಿಯಲ್ಲಿ ಗ್ಯಾಸ್ ಟ್ಯಾಂಕು ಕೂರಿಸಿ, ಅದೇ ಮುದುಕಿಯರನ್ನು ಅದೇ ಹೊತ್ತಿಗೆ ಸಂತೆಗೆ, ಔಷಧದಂಗಡಿಗೆ ಕರೆದೊಯ್ಯತೊಡಗಿದ. ಕಾರು ನಿಲ್ಲಿಸುತ್ತಿದ್ದದ್ದೂ ಹಳೆಯ ಬಸ್ ನಿಲ್ದಾಣದ ಮುಂದೆಯೇ.

ನನ್ನ ದಾರಿ ಬೇರೆ. ಪೆಟ್ರೋಲು ಮತ್ತೆ ಏರಿದಾಗ ನಾನು ಕಾರು ಮಾರಿ, ಮಾರ್ಕೊ ಎಂಬ ಕತ್ತೆ ಕೊಂಡು, ಗಾಡಿ ಕಟ್ಟಿದೆ. ಅಂದಿನಿಂದ ಗೆರ್ಗಿನನ ಬಾಯಿಗೆ ನಾನು ಎಲೆಯಡಿಕೆಯಾದೆ.

"ಏನ್ ದಾಮ್ಯಾನಣ್ಣಾ, ನಿನ್ ಮಾರ್ಕೊಗೆ ಬ್ರೇಕ್ ಎಲ್ಲಿದೆ? ಬಾಲದಲ್ಲಾ?"

"ನಿನ್ ಕಾರು ಹುಲ್ಲು ತಿನ್ನೋ ದಿನ ಬಾ, ತೋರಿಸ್ತೀನಿ," ಎನ್ನುತ್ತಿದ್ದೆ.

ಗ್ಯಾಸ್ ಕಾರಿಗೊಂದು ಗುಣವಿದೆ. ಹೊರಡುವಾಗ ಅದಕ್ಕೆ ನಾಲ್ಕು ಗುಟುಕು ಪೆಟ್ರೋಲೇ ಬೇಕು. ಮೈ ಬಿಸಿಯಾದ ಮೇಲಷ್ಟೇ ಗ್ಯಾಸಿಗೆ ಒಲಿಯುತ್ತದೆ. ಗೆರ್ಗಿನ್ ಆ ನಾಲ್ಕು ಗುಟುಕಿಗೂ ಜೀವ ಬಿಡುತ್ತಿದ್ದ. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಸೌಟಿನಷ್ಟು ಇದ್ದರೆ ಹೆಚ್ಚು. ಪೆಟ್ರೋಲು ಮುಗಿಯುತ್ತಿದೆ ಎಂದು ಎಚ್ಚರಿಸುವ, ಮೀಟರಿನ ಪಕ್ಕದ ಕೆಂಪು ದೀಪ ಬೇಸಿಗೆ ಚಳಿಗಾಲವೆನ್ನದೆ ಉರಿಯುತ್ತಿತ್ತು. ನಮ್ಮ ಕಡೆ ಗ್ಯಾಸ್ ಹಾಕಿಸಿದವರೆಲ್ಲ ಹೀಗೇ. ಖಾಲಿ ಟ್ಯಾಂಕಿನೊಳಗೆ ಚಳಿಗೆ ನೀರು ಬೆವರುತ್ತದೆ ಎಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಅವನ ಮುಂದಿನ ಸೀಟು ಪೆಟ್ಕಾನಜ್ಜಿಯದು. ಮಂಡಿ ಮಡಚಲಾರಳು, ಅದಕ್ಕೆ. ಎರಡೂ ಕಣ್ಣಿಗೆ ಪೊರೆ ಬಂದು ಮನುಷ್ಯರನ್ನು ದನಿಯಿಂದಲೇ ಗುರುತಿಸುತ್ತಿದ್ದಳು. ವರ್ಷವಿಡೀ ಕಾದ ಮೇಲೆ ಜನವರಿಯಲ್ಲಿ, ಪಟ್ಟಣದ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಳ್ಳುವ ಅವಳ ಸರದಿ ಬಂತು. ಮೊದಲು ಬಲಗಣ್ಣು. ತಪ್ಪಿದರೆ ಸಾಲಿನ ತುದಿಗೆ ಹೋಗಿ ನಿಲ್ಲಬೇಕು.

ಅಂದು ಬೆಳಿಗ್ಗೆ ಹೆಂಗಸರು ಅವಳ ಹೊಸ್ತಿಲ ಮುಂದೆ ಒಂದು ತಂಬಿಗೆ ನೀರು ಚೆಲ್ಲಿದರು, ಕೆಲಸ ನೀರಿನಂತೆ ಸರಾಗವಾಗಿ ಆಗಲಿ ಎಂದು. ಚೆಲ್ಲಿದ ನೀರು ನೋಡನೋಡುತ್ತಿದ್ದಂತೆ ಚಳಿಗೆ ಹೆಪ್ಪುಗಟ್ಟಿ ಗಾಜಾಯಿತು. ಗೆರ್ಗಿನ್ ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದ. ಪೆಟ್ರೋಲ್ ಕೊಳವೆಯೊಳಗಿನ ನೀರೂ ಗಾಜಾಗಿತ್ತು. ಚಳಿಗಾಲದಲ್ಲಿ ಊರಿನಲ್ಲಿ ಓಡುವ ಕಾರು ಅದೊಂದೇ.

"ಯಾಕೋ, ಹೊರಡ್ಲಿಲ್ವಾ?" ಒಳಗೆ ಕುಳಿತ ಅಜ್ಜಿ ಕೇಳಿದಳು. "ಈ ಸಲ ತಪ್ಪಿದ್ರೆ ನಂಗೆ ಇನ್ನೊಂದ್ ವರ್ಷ ಕತ್ತಲೇನಪ್ಪಾ. ಅಷ್ಟು ದಿನ ಇರ್ತೀನೋ ಇಲ್ವೋ."

ಗೆರ್ಗಿನ್ ನನ್ನ ಬಾಗಿಲಿಗೆ ಬಂದು ಟೊಪ್ಪಿಗೆ ತೆಗೆದು ನಿಂತ. ಕೆಲಸ ಆಗಬೇಕಾದರೆ ಕತ್ತೆ ಕಾಲಾದರೂ ಹಿಡಿ ಎನ್ನುತ್ತಾರೆ; ಅವನ ಮುಖ ನೋಡಿದರೆ ಅದಕ್ಕೂ ಸಿದ್ಧನಿದ್ದ. ಆಡಿಕೊಳ್ಳಲು ಅಷ್ಟು ಒಳ್ಳೆಯ ಸಮಯ ನನಗೆ ಇನ್ನೊಮ್ಮೆ ಸಿಗುವುದಿಲ್ಲ. ಆದರೂ ಮಾರ್ಕೊಗೆ ಗಾಡಿ ಕಟ್ಟತೊಡಗಿದೆ.

"ಕಂಬಳಿ ತಗೊಂಬಾ. ಕೆಳಗೆ ಕಣಿವೇಲಿ ಪಟ್ಟಣದ ರೈಲು ಹಿಡಿಸೋಣ," ಎಂದೆ.

ಇಳಿಜಾರಿನುದ್ದಕ್ಕೂ ಗೆರ್ಗಿನ್ ಅಜ್ಜಿ ಕುಳಿತ ಗಾಡಿಯ ಹಿಂದೆ ಹಗ್ಗ ಹಿಡಿದು ಜಗ್ಗುತ್ತ ಬಂದ. ಅವನೇ ಬ್ರೇಕು. ಜಾರಿ ಬಿದ್ದ, ಎದ್ದ, ಮತ್ತೆ ಹಿಡಿದ. ಮಾರ್ಕೊ ಮಾತ್ರ ಸಂತೆಗೆ ಹೊರಟಂತೆ ನಿಧಾನವಾಗಿ ನಡೆದ. ರೈಲು ಕೂಗಿದಾಗ ನಾವಿನ್ನೂ ಹಳಿಯ ಆಚೆ ಇದ್ದೆವು. ಗೆರ್ಗಿನ್ ಅಜ್ಜಿಯನ್ನು ಎತ್ತಿಕೊಂಡು ಓಡಿದ. ಅವಳ ಜೊತೆ ತಾನೂ ಹತ್ತಿದ. ರೈಲು ತಿರುವು ದಾಟುವವರೆಗೂ ನಾನು ಹಳಿಯ ಪಕ್ಕದಲ್ಲೇ ನಿಂತಿದ್ದೆ.

ಕಣ್ಣಿನ ಕೆಲಸ ಚೆನ್ನಾಗಿಯೇ ಆಯಿತು. ಅವಳನ್ನು ಕರೆತರಲು ಗೆರ್ಗಿನ್ ಕಾರಿನಲ್ಲಿ ಹೊರಟಾಗ ನನ್ನನ್ನೂ ಕೂರಿಸಿಕೊಂಡ, ಬಾಡಿಗೆ ಬೇಡ ಎಂದ. ಅಷ್ಟರಲ್ಲಿ ಕೊಳವೆ ಬಿಡಿಸಿ ತೊಳೆದು, ಒಂದು ಸೀಸೆಯಷ್ಟು ಪೆಟ್ರೋಲು ಸುರಿದಿದ್ದ. ಒಂದೇ ಸೀಸೆ! ಹುಟ್ಟುಗುಣ ಸುಟ್ಟರೂ ಹೋಗದು.

ಅಜ್ಜಿ ತನ್ನ ಮುಂದಿನ ಸೀಟಿನಲ್ಲಿ ಕುಳಿತು, ಪಟ್ಟಿ ಬಿಚ್ಚಿದ ಕಣ್ಣನ್ನು ಎಲ್ಲದರ ಮೇಲೂ ಆಡಿಸಿದಳು. ಗೆರ್ಗಿನನ ಮುಖ ನೋಡಿ, "ಎಷ್ಟು ಮುದುಕ ಆಗ್ಬಿಟ್ಯೋ!" ಎಂದಳು. ಆಮೇಲೆ ಬಗ್ಗಿ ಮೀಟರಿನ ಕಡೆ ಬೆರಳು ಮಾಡಿದಳು.

"ಇದೇನೋ ಇಲ್ಲಿ ಕೆಂಪಗೆ ಉರೀತಿದೆ?"

"ಅದಾ... ಅದು ಯಾವಾಗ್ಲೂ ಉರಿಯುತ್ತೆ ಅಜ್ಜಿ."

"ಯಾವಾಗ್ಲೂ ಉರಿಯೋದು ದೇವರ ಪಟದ ಮುಂದಿನ ದೀಪ ಕಣೋ. ಇದ್ಯಾವ ದೇವರದ್ದು?"

ಹಿಂದಿನ ಸೀಟಿನಲ್ಲಿದ್ದ ನಾನು ಕಿಟಕಿಯಾಚೆ ನೋಡಿದೆ. ಗೆರ್ಗಿನ್ ಊರ ದಾರಿ ಬಿಟ್ಟು ಬಂಕಿನ ಕಡೆ ತಿರುಗಿಸಿದ.

"ಗ್ಯಾಸ್ ತಾನೆ?" ಬಂಕಿನವನು ಅಭ್ಯಾಸದಂತೆ ಕೇಳಿದ.

"ಪೆಟ್ರೋಲು," ಎಂದ ಗೆರ್ಗಿನ್. "ಟ್ಯಾಂಕ್ ತುಂಬೋವರೆಗೂ ಹಾಕು."

ಮತ್ತೆ ಕೀಲಿ ತಿರುಗಿಸಿದಾಗ ಅಜ್ಜಿ ಬಗ್ಗಿ ನೋಡಿದಳು. ದೀಪ ಉರಿಯುತ್ತಿರಲಿಲ್ಲ.

"ಹಾಂ, ಈಗ ನಡಿ," ಎಂದಳು.